ಹೆಣ ಕಾಣದೆ ಅಳದ ಪಕ್ಕೀರವ್ವ

ಯಲಬುರ್ಗಾ ಕಡೆ ಯಾರ ಮನೆಯಲ್ಲಿ ಸಾವಾದರೂ ಪಕ್ಕೀರವ್ವನಿಗೆ ಕರೆ ಹೋಗುತ್ತದೆ. ಸತ್ತವರ ಹೆಸರು, ಊರು, ಬಳಗ ಕೇಳಿಕೊಂಡು, ಹೆಣದ ಮಗ್ಗುಲಲ್ಲಿ ಕೂತು ಆಕೆ ಹಾಡಿಕೊಂಡು ಅಳತೊಡಗಿದರೆ, ಆಸ್ತಿಯ ಪಾಲಿಗೆ ಕಾದು ಕೂತ ಮಕ್ಕಳ ಕಣ್ಣೂ ಒದ್ದೆಯಾಗುತ್ತದೆ. ಊರಿಗೆಲ್ಲ ಅತ್ತ ಈ ಹೆಂಗಸು ತನ್ನ ಗಂಡ ಕಾಳಪ್ಪನಿಗೆ ಮಾತ್ರ ಅತ್ತಿಲ್ಲ. ದುಡಿಯಲು ಗೋವಾಕ್ಕೆ ಹೋದವನು ಫೋನಿಲ್ಲ, ಸುದ್ದಿಯಿಲ್ಲ, ಕಾಣೆಯಾಗಿ ವರ್ಷಗಳೇ ಆದವು. ಹೆಣ ಕಾಣದೆ ಅತ್ತರೆ ಬದುಕಿದ್ದವರ ಆಯುಷ್ಯ ಕಡಿದುಹೋಗುತ್ತದೆಂದು ಆಕೆಯ ನಂಬಿಕೆ. ಹಾಗಾಗಿ ಕೈತುಂಬ ಹಸಿರು ಬಳೆ ಇಟ್ಟುಕೊಂಡೇ ದಾರಿ ಕಾಯುತ್ತಾಳೆ.

ಇಂಥವಳ ಮನೆಗೆ ಒಂದು ಮಧ್ಯಾಹ್ನ, ಹಬ್ಬವಿಲ್ಲ ಹುಣ್ಣಿಮೆಯಿಲ್ಲ, ಅಣ್ಣನ ಮಗ ಕಾಶಿನಾಥ ಕೊಪ್ಪಳದಿಂದ ಬಾಳೆಹಣ್ಣು ಹಿಡಿದು ಬಂದ. ಬಂದವನೇ ಬಾಗಿಲು ಹಾಕಿದ, ಫ್ಯಾನು ಆರಿಸಿದ, ಚಹಾ ಆಮೇಲೆ ಎಂದ.

"ಅತ್ತಿ, ನೀ ಸ್ವಲ್ಪ ಅಳಬೇಕಾಗೈತಿ."

ಪಕ್ಕೀರವ್ವ ಬಾಳೆಹಣ್ಣು ಬದಿಗಿಟ್ಟಳು. ಯಾರಿಗೆ ಎಂದು ಕೇಳಿದಳು. ಗೆಳೆಯರೊಂದಿಗೆ ತಾನು ಮಾಡುತ್ತಿರುವ ವಿಡಿಯೋ ಗೇಮಿಗೆ ಎಂದು ಅವನು ಲ್ಯಾಪ್‌ಟಾಪ್ ತೆರೆದ. ಮುಂದೆಂದೋ ಬರಲಿರುವ ಪಟ್ಟಣವಂತೆ. ಮುಗಿಲು ಮುಟ್ಟಿದ ಕಟ್ಟಡಗಳು, ನೇರಳೆ ದೀಪ, ನಿಲ್ಲದ ಮಳೆ. ಅರ್ಧ ಮೈ ಕಬ್ಬಿಣವಾಗಿದ್ದ ಹುಡುಗಿಯೊಬ್ಬಳು ಎಡದಿಂದ ಬಲಕ್ಕೆ ನಡೆಯುತ್ತಲೇ ಇದ್ದಳು. ಬೆನ್ನ ಹಿಂದೆ ದೆವ್ವ. ಅವಳು ಸತ್ತಾಗ ಅಳು ಕೇಳಿಸಬೇಕು, ಬಾಗಿಲು ಹಾಕಿದ್ದು ಬಸ್ಸಿನ ಸದ್ದು ಬರಬಾರದೆಂದು, ಎಂದೆಲ್ಲ ವಿವರಿಸಿದ.

ಪಕ್ಕೀರವ್ವ ನಂಬಲಿಲ್ಲ. ಗೊಂಬೆಗೆ ಯಾರಾದರೂ ಅಳುತ್ತಾರೆಯೇ? ಕಾಳಪ್ಪನ ಕೆಟ್ಟ ಸುದ್ದಿ ತಂದಿದ್ದಾನೆ, ಹೇಳಲಾರದೆ ನೆವ ಹುಡುಕುತ್ತಿದ್ದಾನೆ. ಮುಖವೂ ಸಪ್ಪಗಿದೆ, ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಪಾಪ, ಅವನ ಮುಖ ಬಾಡಿದ್ದು ದಾರಿಯುದ್ದಕ್ಕೂ ಬಸ್ಸಿನಲ್ಲಿ ನಿಂತೇ ಬಂದಿದ್ದಕ್ಕೆ. ಹುಡುಗಿಯ ಹೆಸರು ಕೇಳಿದರೆ ಹೆಸರಿಲ್ಲ, ಬರೀ ನಂಬರು ಎಂದ. ಆಕೆಯ ಅನುಮಾನ ಇನ್ನೂ ಬಲಿಯಿತು.

"ಖರೇ ಹೇಳು ಅಳಿಯಾ. ನಿಮ್ಮ ಮಾಮಾನ ಸುದ್ದಿ ಏನರ ಬಂದೈತೇನು?"

ಕಾಶಿನಾಥ ಗಾಬರಿಯಾಗಿ ಹೆತ್ತವ್ವನ ಆಣೆ ಹಾಕಿದ. ಆಣೆಯನ್ನು ಆಕೆ ಅರ್ಧ ಮಾತ್ರ ನಂಬಿದಳು. ಹುಡುಗಿ ಸತ್ತಿದ್ದನ್ನು ಕಣ್ಣಾರೆ ಕಾಣದೆ ಅಳುವುದಿಲ್ಲ ಎಂದಳು. ಅವನು ದೆವ್ವಕ್ಕೆ ಸಿಗುವಂತೆ ಹುಡುಗಿಯನ್ನು ನಿಲ್ಲಿಸಿದ. ಹುಡುಗಿ ಮಳೆಯಲ್ಲಿ ಸತ್ತು ಬಿದ್ದಳು. ಅಷ್ಟು ದೊಡ್ಡ ಪಟ್ಟಣದಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಪಕ್ಕೀರವ್ವನಿಗೆ ತಡೆಯಲಾಗಲಿಲ್ಲ. ಆ ಅನಾಥೆಗೆ ತಾನೇ ಒಂದು ಹೆಸರಿಟ್ಟು, ಊರು ಕೊಟ್ಟು, ತಾಯಿಯಾಗಿ ಅತ್ತಳು. ಕಾಶಿನಾಥ ಕಣ್ಣೊರೆಸಿಕೊಳ್ಳುತ್ತ ಆ ಅಳುವನ್ನು ಫೋನಿನಲ್ಲಿ ತುಂಬಿಕೊಂಡ. ಮುಗಿದ ಮೇಲೆ ಯಾವುದೋ ಗುಂಡಿ ಒತ್ತಿದ. ಹುಡುಗಿ ಎದ್ದು ಮತ್ತೆ ನಡೆಯತೊಡಗಿದಳು.

ಬದುಕಿದ್ದವಳಿಗಾಗಿ ನನ್ನನ್ನು ಅಳಿಸಿದೆಯಲ್ಲೋ ಎಂದು ಪಕ್ಕೀರವ್ವ ಅವನ ಜನ್ಮ ಜಾಲಾಡಿದಳು. ಗೇಮಿನಲ್ಲಿ ಹಾಗೆಯೇ, ಸತ್ತವರು ಏಳುತ್ತಾರೆ ಎಂದು ಅವನು ತೊದಲಿದ. ಬೈಯುತ್ತಿದ್ದವಳು ಲ್ಯಾಪ್‌ಟಾಪಿನತ್ತ ಬಗ್ಗಿದಳು.

"ಅತ್ತ ಮ್ಯಾಲೂ ಎದ್ದು ಬರ್ತಾಳೇನು?"

"ಹೂಂ ಅತ್ತಿ, ಬರ್ತಾಳ."

ಇನ್ನೊಮ್ಮೆ ತೋರಿಸು ಎಂದಳು. ಹುಡುಗಿ ಬಿದ್ದಳು, ಎದ್ದಳು. ಪಕ್ಕೀರವ್ವ ಅದನ್ನು ರೆಪ್ಪೆ ಬಡಿಯದೆ ನೋಡಿ, ತಲೆಯ ಮೇಲೆ ಸೆರಗು ಎಳೆದುಕೊಂಡಳು.

"ಫೋನ್ ಬಂದ್ ಮಾಡು. ಇದು ನಿನ್ನ ಆಟಕ್ಕಲ್ಲ."

ಎಂದೂ ಗಂಡನ ಹೆಸರು ಹೇಳದವಳು ಅಂದು ಕಾಳಪ್ಪಾ ಎಂದು ಕರೆದು, ವರ್ಷಗಳಿಂದ ಕೂಡಿಟ್ಟ ಅಳುವನ್ನೆಲ್ಲ ಅತ್ತಳು. ಬಳೆಗೆ ಕೈ ಹಚ್ಚಲಿಲ್ಲ. ಅಳು ಮುಗಿದ ಮೇಲೆ ಎದ್ದು ಬಾಗಿಲು ತೆರೆದಳು, ದಾರಿಯತ್ತ ಒಮ್ಮೆ ನೋಡಿ ಚಹಾಕ್ಕೆ ಇಟ್ಟಳು.