ಸುಮಾ ಏನು ತಿಂದಳು ಎಂದು ಕೇಳುವವರಿಗೆ

ನಂಬಲಾಗುತ್ತಿಲ್ಲ...
ಹೋದ ವಾರ ನಮ್ಮ ಸ್ಟಾಫ್ ರೂಮಿನಲ್ಲಿ ಒದೆಯುತ್ತಿದ್ದ ಕೂಸು
ಇಂದು ಉಸಿರಿಲ್ಲದೆ ಹುಟ್ಟಿತಂತೆ.

ನಮ್ಮ ಗಣಿತದ ಟೀಚರ್ ಸುಮಾ, ಕಳಸದ ನವೀನ... ಇವರ ಮೊದಲ ಮಗು. ಹೆಣ್ಣು.
ನಿನ್ನೆ ಬೆಳಗ್ಗೆ ಒದೆ ಕಾಣಲಿಲ್ಲ ಎಂದ ಕೂಡಲೇ ಬಣಕಲ್‌ನಿಂದ ಚಿಕ್ಕಮಗಳೂರಿಗೆ ಓಡಿ ಬಂದಿದ್ದಾಳೆ.
ಅಷ್ಟರಲ್ಲೇ...

ಪುಟ್ಟೀ,
ಹೆಡ್‌ಮಾಸ್ಟರ್ ಭಾಷಣ ಶುರುವಾದರೆ ಸಾಕು, ಒಳಗಿಂದಲೇ ಪ್ರತಿಭಟನೆ ನಿನ್ನದು.
ಕಾಲೆಳೆಯುವುದು ನನ್ನ ಕೆಲಸ, ಕಾಲು ಝಾಡಿಸುವುದು ನಿನ್ನದು... ಒಳ್ಳೇ ಜೋಡಿಯಾಗುತ್ತಿದ್ದೆವು ಮಾರಾಯ್ತಿ.

ಮಧ್ಯಾಹ್ನ ಆಸ್ಪತ್ರೆಗೆ ಹೋದೆ.
ಪಕ್ಕದ ಬೆಡ್ಡಿನಲ್ಲಿ ಬೇರೆ ಮಗುವಿನ ಅಳು. ಅದು ಅತ್ತಾಗಲೆಲ್ಲ ಸುಮಾಳ ನೈಟಿ ಹಾಲಿನಿಂದ ಒದ್ದೆ.
ಅವಳು ಎದ್ದು ಹೋಗುವ ಹಾಗಿಲ್ಲ. ಬಾಗಿಲ ತುಂಬ ನೆಂಟರು.

"ಪಪ್ಪಾಯ ಏನಾದ್ರೂ ತಿಂದಿದ್ಯೇನೇ?"
"ಆ ಜೀಪಲ್ಲಿ ಕಳಸಕ್ಕೆ ಹೋಗ್ಬೇಡ ಅಂತ ಅವತ್ತೇ ಬಡ್ಕೊಂಡೆ."
"ಗ್ರಹಣದ ದಿನ ಹೊರಗೆ ಬಂದಿದ್ಲಂತೆ..."

ಸುಮಾ ನನ್ನ ಕೈ ಹಿಡಿದಳು.
"ನಾನೇ ಏನೋ ಮಾಡಿದೀನಿ ಕಣೇ... ಏನು ಅಂತ ನೆನಪಾಗ್ತಿಲ್ಲ."

ಡಾಕ್ಟರ್ ಬಂದು ಹೇಳಿದರು... ಒಳಗೆ ಮಗುವಿಗೆ ಆಹಾರ ಒದಗಿಸುವ ಮಾಸು ಸರಿಯಾಗಿ ಕೆಲಸ ಮಾಡದೇ ಇದ್ದಿರಬಹುದು. ಸೋಂಕು, ಬಿಪಿ, ಶುಗರ್, ಹೊಕ್ಕುಳಬಳ್ಳಿ, ಮಗುವಿನ ಬೆಳವಣಿಗೆ... ಏನೂ ಇರಬಹುದು. ಎಷ್ಟೋ ಸಲ ಕಾರಣ ಸಿಗುವುದೇ ಇಲ್ಲ. ಹುಡುಕಬೇಕೆಂದರೆ ಮಗುವಿನ ಜೊತೆ ಬಂದ ಮಾಸನ್ನು ಲ್ಯಾಬಿಗೆ ಕಳಿಸಬೇಕು.

ಸುಮಾಳ ಅತ್ತೆ ಒಪ್ಪಲಿಲ್ಲ.
"ಅದು ನಮ್ಮನೆ ಹಿತ್ತಲಿಗೇ ಬರ್ಬೇಕು ಡಾಕ್ಟ್ರೇ. ನವೀನ ಹುಟ್ಟಿದಾಗಿನ ಮಾಸೂ ಅಲ್ಲೇ ಹೂತಿರೋದು."

ಆಗ ಸುಮಾ ಮೊದಲ ಸಲ ತಲೆ ಎತ್ತಿದಳು.
"ಅದನ್ನ ಹೂತ್ರೆ ಕಾರಣಾನೂ ಹೂತಂಗೆ ಅತ್ತೆ. ಆಮೇಲೆ ಎಲ್ರ ಕಣ್ಣಿಗೂ ಕಾಣೋದು ನಾನೊಬ್ಳೇ."

ಅತ್ತೆ ಸೊಸೆಯ ಒದ್ದೆ ನೈಟಿಯನ್ನೇ ನೋಡುತ್ತ ನಿಂತರು.
"ತಗೊಂಡ್ ಹೋಗಿ ಡಾಕ್ಟ್ರೇ," ಅಂದರು.
ಆಮೇಲೆ ಬಾಗಿಲ ಕಡೆ ತಿರುಗಿದರು.
"ಏನ್ ತಿಂದ್ಲು ಅಂತ ಇನ್ಮೇಲೆ ನನ್ನ ಕೇಳಿ. ಬಡಿಸಿದ್ದು ನಾನು."
ಬಾಗಿಲು ಖಾಲಿಯಾಯಿತು.

ರಿಪೋರ್ಟ್ ಏನಾದರೂ ಹೇಳಬಹುದು, ಏನೂ ಹೇಳದೆಯೂ ಇರಬಹುದು.
ಸ್ನೇಹಿತರೇ, ಸುಮಾಳನ್ನು ನೋಡಲು ಖಂಡಿತ ಹೋಗಿ... ಆ ಪ್ರಶ್ನೆಯನ್ನು ಮನೆಯಲ್ಲೇ ಬಿಟ್ಟು ಹೋಗಿ.

ಹೆಸರಿಡದ ಕೂಸಿಗೆ ಶ್ರದ್ಧಾಂಜಲಿ ಇಲ್ಲವಂತೆ. ಇರಲಿ, ನಾನು ಬರೆದೆ.

ಹೋಗಿ ಬಾ ಪುಟ್ಟೀ...
ನಿನಗೆ ಶಾಂತಿ ಸಿಗಲಿ.
ನಿನ್ನ ಅಮ್ಮನಿಗೂ ಅದು ಸಿಗಲು ನಾವು ಬಿಡುವಂತಾಗಲಿ.