ಕೂಸಿನ ಎದೆಯ ಬಾವು

ಚೊಚ್ಚಲ ಬಾಣಂತನ ತವರಿನಲ್ಲಾಗಬೇಕಿತ್ತು. ಆದರೆ ತಾಯಿ ತೀರಿಕೊಂಡ ತವರಿನಲ್ಲಿ ತಸ್ಲೀಮಳಿಗೆ ಬಿಸಿನೀರು ಕಾಯಿಸಿ ಕೊಡುವವರು ಯಾರು? ಹೀಗಾಗಿ ನೆಲೋಗಿಯ ಗಂಡನ ಮನೆಯ ಒಳಕೋಣೆಯಲ್ಲೇ ನೀರು ಮುಟ್ಟದೆ, ಹೊಸ್ತಿಲು ದಾಟದೆ ಕಳೆಯಬೇಕಾದ ಅವಳ ನಲವತ್ತು ದಿನದ ಚಿಲ್ಲಾ ಸಾಗಿತ್ತು. ಗಂಡ ಚಾಂದಪಾಶಾ ಬೆಳಿಗ್ಗೆ ಟೆಂಪೋ ತೆಗೆದುಕೊಂಡು ಜೇವರ್ಗಿಗೆ ಹೋದರೆ, ಸಂಜೆ ಬಾಗಿಲಲ್ಲೇ ನಿಂತು ಮಗಳ ಮುಖ ನೋಡಿ ಹೊರಗೆ ಹೋಗುತ್ತಿದ್ದ.

ಬಸುರಿಯಾಗಿದ್ದಾಗ ಅತ್ತೆ ಖಾಸೀಂಬಿ, "ಹೊಟ್ಟಿ ತುಂಬ ಉಂಡ್ರ ಕೂಸು ದಪ್ಪ ಆಗ್ತದ, ಹೆರೂದು ಕಷ್ಟ" ಎಂದು ಅರ್ಧ ರೊಟ್ಟಿಗೇ ಕೈ ಹಿಡಿದಿದ್ದಳು. ನೀರು ಹೊರುವ ಕೆಲಸ ಮಾತ್ರ ಅರ್ಧವಾಗಲಿಲ್ಲ. ಕೂಸು ಇರಮ ಎರಡೇ ಕಿಲೋ ತೂಗಿದಾಗ, "ಸೊಸಿ ಹೊಟ್ಟ್ಯಾಗ ಛಲೋ ಬೆಳಸಲಿಲ್ಲ" ಎಂದು ಬಂದವರೆದುರು ಹೇಳಿದವಳೂ ಅವಳೇ.

ವಾರದೊಳಗೆ ಕೂಸಿನ ಆ ಸಣ್ಣ ಎದೆ ಎರಡೂ ಕಡೆ ಉಬ್ಬಿತು. ಒಂದು ಹನಿ ಹಾಲೂ ಕಾಣಿಸಿತು. ತಸ್ಲೀಮ ಬೆಚ್ಚಿದಳು. ತೂಕ ನೋಡಲು ಮನೆಗೆ ಬಂದ ನರ್ಸ್ ಅಮಿತಾ ನಕ್ಕಳು.

"ಹೆದರಬ್ಯಾಡ ಬೇ. ಹೊಟ್ಟ್ಯಾಗಿದ್ದಾಗ ನಿನ್ನ ಮೈಯಾಗಿನ ಹಾರ್ಮೋನು ಕೂಸಿಗೂ ಹೋಗಿರ್ತದ. ತಾನಾಗೇ ಇಳೀತದ. ಯಾರ ಕೈಲೂ ಹಿಂಡಸಬ್ಯಾಡ. ಹಿಂಡಿದ್ರ ಕೀವಾಗ್ತದ."

ಅರ್ಧ ಹೊಟ್ಟೆಯ ಮೈಯಿಂದಲೂ ಮಗಳಿಗೆ ಏನೋ ಹೋಗಿದೆಯಲ್ಲ ಎಂದುಕೊಂಡಳು ತಸ್ಲೀಮ. ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ.

ಮರುದಿನ, ಓಣಿಯ ಕೂಸುಗಳಿಗೆಲ್ಲ ನೀರು ಹಾಕುವ ಕುಲಸುಮಬಿ ಬಚ್ಚಲಲ್ಲಿ ಕಾಲು ಚಾಚಿ, ಇರಮಳನ್ನು ಮಲಗಿಸಿಕೊಂಡಳು. ಕೂಸು ಚೀರಿದ್ದು ಕೇಳಿ ತಸ್ಲೀಮ ಹೊಸ್ತಿಲು ದಾಟಿ ಓಡಿದಳು. ಮುದುಕಿಯ ಎರಡು ಬೆರಳು ಕೂಸಿನ ಎದೆಯ ಮೇಲಿದ್ದವು.

"ಖಾಲಾ, ಅಲ್ಲಿ ಹಿಂಡಬ್ಯಾಡ್ರಿ! ನರ್ಸಬಾಯಿ ಬ್ಯಾಡ ಅಂದಾಳ್ರಿ."

"ನಿನ್ನ ಗಂಡನ ಎದೀನೂ ನಾನೇ ಹಿಂಡೀನಿ. ಏನಾಗ್ಯದ ಅವಂಗ? ಟೆಂಪೋ ಹೊಡ್ಯಾಕತ್ತಾನ!"

ತಸ್ಲೀಮ ಮಗಳ ಎದೆಯ ಮೇಲೆ ಅಂಗೈ ಇಟ್ಟಳು. ತೆಗೆಯಲಿಲ್ಲ. ಕುಲಸುಮಬಿ ಮುಖ ಗಂಟಿಕ್ಕಿಕೊಂಡು ಕೂಸನ್ನು ಅವಳ ಕೈಗಿತ್ತು ಎದ್ದಳು.

"ಹಂಗಾದ್ರ ನೀನೇ ನೀರು ಹಾಕ್ಕೋ," ಎಂದಳು ಗದ್ದಲ ಕೇಳಿ ಬಚ್ಚಲ ಬಾಗಿಲಿಗೆ ಬಂದ ಖಾಸೀಂಬಿ. "ನೀರಾಗ ಕೈ ಇಟ್ಟಾಕಿಗೆ ಇನ್ನ ಚಿಲ್ಲಾ ಎಲ್ಲೀದು? ಅಲ್ಲೇ ಭಾಂಡೆ ಅದಾವ, ಅವನ್ನೂ ತಿಕ್ಕು."

ಹೆರಿಗೆಯ ಹೊಲಿಗೆ ಜಗ್ಗುತ್ತಿದ್ದರೂ ತಸ್ಲೀಮ ಹಸಿ ಕಲ್ಲಿನ ಮೇಲೆ ಕುಳಿತಳು. ಕೂಸಿಗೆ ನೀರು ಹಾಕುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಮೊಣಕೈಯಿಂದ ನೀರಿನ ಕಾವು ನೋಡಿ, ಎದೆಗೆ ಅಂಗೈ ಮರೆ ಮಾಡಿ, ಸ್ವಲ್ಪ ಸ್ವಲ್ಪವೇ ಹಾಕಿದಳು. ಆಮೇಲೆ ಭಾಂಡೆ ತಿಕ್ಕಿದಳು.

ಅಂದಿನಿಂದ ಮನೆಯಲ್ಲಿ ಅವಳೊಂದಿಗೆ ಕೆಲಸ ಹೇಳುವ ಮಾತಷ್ಟೇ ಉಳಿಯಿತು. ಕೆಲ ವಾರಗಳ ನಂತರ ಒಂದು ಮಧ್ಯಾಹ್ನ, ಹಾಲೂಡಿಸುವಾಗ ಅವಳ ಬೆರಳಿಗೆ ಮಗಳ ಎದೆ ಮೆತ್ತಗೆ, ಸಪಾಟಾಗಿ ಸಿಕ್ಕಿತು. ತಲೆಯೆತ್ತಿದಳು. ಕೋಣೆಯಲ್ಲಿ ಯಾರೂ ಇರಲಿಲ್ಲ.

"ಇಳೀತು ನೋಡ ಬೇ ಇರಮ," ಎಂದು ಮಗಳಿಗೇ ಹೇಳಿದಳು. ಒಲೆಯ ಮೇಲೆ ಬೇಳೆ ಉಕ್ಕುವ ಸದ್ದಾಯಿತು. ಕೂಸನ್ನು ಎತ್ತಿಕೊಂಡೇ ಎದ್ದಳು.