ಶರೋಫತ್ ಕಲ್ಲಿಟ್ಟ ಮರ

ಜರಫ್ಶಾನ್ ನದಿಯಲ್ಲಿ ತೇಲಿಬಂದ ಮರ ಎಳೆಯುವುದರಲ್ಲಿ ನಮ್ಮೂರಿನ ಶರೋಫತಳನ್ನು ಮೀರಿಸುವ ಗಂಡಸು ಇನ್ನೂ ಹುಟ್ಟಿಲ್ಲ. ಊರಿಗೆ ಕಾಲುವೆ ನೀರು ಹಂಚುವ ಮಿರಾಬನಾಗಿ ಮೂವತ್ತು ವರ್ಷ ದಡದಲ್ಲೇ ಓಡಾಡಿದವನು ನಾನು, ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ. ಪ್ರವಾಹ ಇಳಿದ ಮರುದಿನ, ನಾವೆಲ್ಲ ಎರಡನೇ ಬಟ್ಟಲು ಚಹಾ ಬಗ್ಗಿಸಿಕೊಳ್ಳುವ ಹೊತ್ತಿಗೆ, ಅವಳು ತೊಡೆಮಟ್ಟದ ನೀರಿನಲ್ಲಿ ನಿಂತು ಪಾಪ್ಲರ್ ದಿಮ್ಮಿಗೆ ಹಗ್ಗ ಬಿಗಿಯುತ್ತಿದ್ದಳು. ಗಂಡ ತೀರಿಕೊಂಡ ಮೇಲೆ ರೊಟ್ಟಿ ಸುಟ್ಟು ಮಾರಿ ಬದುಕಿದವಳು. ತಂದೂರಿಗೆ ಸೌದೆ ಬೇಕು, ಅದನ್ನು ನದಿ ಪುಕ್ಕಟೆ ಕೊಡುತ್ತಿತ್ತು.

ನಾನೂ ಹೊಗಳಿದವನೇ. "ನದಿಗೆ ತಲೆ ಬಾಚಿದ ಹಂಗೆ ಮಾಡ್ತೀಯ ನೋಡು" ಎನ್ನುತ್ತಿದ್ದೆ. ಅಡ್ಡ ಬಿದ್ದ ಮರ ತೆಗೆದರೆ ನೀರು ತನ್ನ ಪಾಡಿಗೆ ಹೋಗುತ್ತದೆ ಎಂದು ಊರೆಲ್ಲ ನಂಬಿತ್ತು. ಎಲ್ಲರೂ ಸೇರಿ ದುಡಿಯುವ ವಸಂತದ ಹಾಶರ್‌ನಲ್ಲಿ ದಡದ ವಿಲೋ ಪೊದೆಗಳನ್ನೂ ನಿಂತು ಕಡಿಸಿದವನು ನಾನೇ.

ಒಂದು ವರ್ಷ ತಿರುವಿನಲ್ಲಿ ಬೇರುಸಮೇತ ಕೂತಿದ್ದ ದೊಡ್ಡ ಮರವನ್ನು ಶರೋಫತ್ ನನ್ನ ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆಸಿದಳು. ಮರುವರ್ಷ ಜೂನ್‌ನಲ್ಲಿ ಹಿಮ ಕರಗಿ ಬಂದ ನೀರು ಅಲ್ಲಿಂದ ನೆಟ್ಟಗೆ ಕೆಳಕೇರಿಗೆ ನುಗ್ಗಿತು. ಶರೋಫತಳ ತಮ್ಮನ ವಿಧವೆ ಓಲಿಮಾಳ ಹನ್ನೊಂದು ಏಪ್ರಿಕಾಟ್ ಮರಗಳು ಒಂದೇ ವಾರದಲ್ಲಿ ಹೋದವು. ಕುಸಿದ ದಡ ಅವಳ ಮನೆಗೆ ಆರು ಹೆಜ್ಜೆ ದೂರದಲ್ಲಿ ನಿಂತಿತು. ಇನ್ನೊಂದು ಪ್ರವಾಹ ಬಂದರೆ ಮನೆಯೂ ಇಲ್ಲ. ಓಲಿಮಾ ಜಗಳವಾಡಲಿಲ್ಲ, ಶರೋಫತಳೊಂದಿಗೆ ಮಾತು ಬಿಟ್ಟಳು ಅಷ್ಟೆ.

ಶರೋಫತ್ ನನ್ನ ಬಾಗಿಲಿಗೆ ಬಂದಳು.

"ಆ ಮರ ನೀರಿನ ರಟ್ಟೆ ಹಿಡ್ಕೊಂಡು ಕೂತಿತ್ತು ಮಿರಾಬಣ್ಣ. ಬಿಡಿಸಿದ್ದು ನಾನು, ಟ್ರ್ಯಾಕ್ಟರ್ ಕೊಟ್ಟಿದ್ದು ನೀನು."

"ನೀರಿಗೆ ಹುಚ್ಚು ಹಿಡಿದ್ರೆ ನಾವೇನ್ ಮಾಡೋಕಾಗುತ್ತೆ?"

"ಮೂವತ್ತು ವರ್ಷ ನೀರು ಕಾಯ್ದು ಕಲ್ತಿದ್ದು ಇಷ್ಟೇನಾ? ಏಳು, ಚಹಾ ಆಮೇಲೆ ಕುಡೀವಂತೆ."

ನನಗೆ ಸಿಟ್ಟು ಬಂತು. ಅವಳು ಹೇಳಿದ್ದು ನಿಜವಾದ್ದರಿಂದ ಇನ್ನೂ ಹೆಚ್ಚು ಬಂತು.

ಆ ಶರತ್ಕಾಲದಲ್ಲಿ ನೀರು ತಗ್ಗಿದಾಗ, ನಮ್ಮಜ್ಜಂದಿರು ಕಟ್ಟುತ್ತಿದ್ದ ಸೆಪೋಯಗಳನ್ನು ತಿರುವಿನಲ್ಲಿ ಕಟ್ಟಿದೆವು. ಮೂರು ದಿಮ್ಮಿಗಳ ತಲೆ ಸೇರಿಸಿ ಬಿಗಿದು ಮುಕ್ಕಾಲಿಯ ಹಾಗೆ ನೀರಿನಲ್ಲಿ ನಿಲ್ಲಿಸಿ, ಹೊಟ್ಟೆಗೆ ಕಲ್ಲು ಮತ್ತು ಕೊಂಬೆ ತುಂಬುವುದು. ದಿಮ್ಮಿಗಳೆಲ್ಲ ಶರೋಫತಳ ಸೌದೆ ರಾಶಿಯಿಂದಲೇ ಬಂದವು. ಒಣ ಕೊಂಬೆ ಬೇಡ, ಬೇರು ಬಿಡುವಂಥದ್ದು ಬೇಕು ಎಂದು ಹಟ ಹಿಡಿದು ಹಸಿ ವಿಲೋ ಕೊಂಬೆ ತುರುಕಿಸಿದಳು. ಆ ಚಳಿಗಾಲ ಅವಳ ತಂದೂರು ಬೆರಣಿ, ಮುಳ್ಳುಕಂಟಿಗಳಲ್ಲಿ ಉರಿಯಿತು, ಅದೂ ದಿನ ಬಿಟ್ಟು ದಿನ.

ಜೂನ್ ಬಂತು. ಪ್ರವಾಹದ ಮೂರನೇ ದಿನ ಬೇರುಸಮೇತ ಉರುಳಿಬಂದ ಭಾರಿ ಪಾಪ್ಲರ್ ಸೆಪೋಯಗಳಿಗೆ ಬಡಿದು ಅಡ್ಡ ಕೂತಿತು. ಎಲ್ಲ ಕಿತ್ತುಕೊಂಡು ಹೋಯಿತು ಎಂದುಕೊಂಡೆ. ಆದರೆ ನೀರು ಅದರ ಸುತ್ತ ಗಿರಕಿ ಹೊಡೆದು, ಸುಸ್ತಾಗಿ, ಆಚೆ ದಡದ ಜಲ್ಲಿಯತ್ತ ಹೊರಳಿಕೊಂಡಿತು.

ನೀರು ಇಳಿಯುತ್ತಲೇ ನಾಲ್ಕು ಜನ ಕೊಡಲಿ ಹಿಡಿದು ಬಂದರು. ತೇಲಿಬಂದ ಮರದ ಮೇಲೆ ಮೊದಲು ಕಲ್ಲಿಟ್ಟವರಿಗೆ ಅದು ಸೇರಬೇಕೆಂಬುದು ನಮ್ಮಲ್ಲಿನ ಕಟ್ಟಳೆ. ಅವರಿಗಿಂತ ಮೊದಲೇ ಶರೋಫತ್ ಆ ಪಾಪ್ಲರ್ ಏರಿ ಕಲ್ಲಿಟ್ಟು, ಪಕ್ಕದಲ್ಲೇ ಕೂತಿದ್ದಳು.

"ಆಯ್ತು ಬಿಡು, ನಿಂದೇ" ಎಂದ ಅವರಲ್ಲೊಬ್ಬ. "ಯಾವಾಗ ಎಳೀತೀಯ?"

"ನಾನು ಸತ್ಮೇಲೆ. ಅಲ್ಲೀವರೆಗೂ ಕೈ ಹಚ್ಚಿದೋರ ಮನೆಗೆ ರೊಟ್ಟಿ ಇಲ್ಲ!"

ಮರದ ಹಿಂದೆ ಹೂಳು ಕೂತಿತು, ಹೂಳಿನಲ್ಲಿ ವಿಲೋ ಚಿಗುರಿತು. ಈ ಮುದಿ ವಯಸ್ಸಿನಲ್ಲಿ ನನಗೆ ನದಿಯ ಅ ಆ ಇ ಈ ಕಲಿಸಿದವಳು ಒಬ್ಬ ರೊಟ್ಟಿಯವಳು ಎಂದು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆಗಸ್ಟ್ ಕೊನೆಗೆ ಓಲಿಮಾ ತನ್ನ ಮನೆಯಿಂದ ದಡದವರೆಗೆ ಹೆಜ್ಜೆ ಹಾಕಿ ಅಳೆದಳು. ಆರಕ್ಕೆ ಆರೂ ಇದ್ದವು. ಮೇಲುಕೇರಿಯಲ್ಲಿ ಹೊಸ ಮನೆ ಕಟ್ಟಿಕೊಳ್ಳಲು ಚಾವಣಿಯ ಗಳು ತರಿಸಿಟ್ಟಿದ್ದಳು, ಅವನ್ನು ಅಂದೇ ಕತ್ತೆಗೆ ಕಟ್ಟಿ ಶರೋಫತಳ ಅಂಗಳಕ್ಕೆ ಎಳೆಸಿಕೊಂಡು ಬಂದಳು.

"ಇದೇನೇ? ಮನೆಗೆ ಅಂತ ತಂದ ಗಳು!" ಶರೋಫತ್ ಗಾಬರಿಯಾದಳು.

"ಸುಡಕ್ಕ" ಎಂದಳು ಓಲಿಮಾ. "ನಾನು ಎಲ್ಲಿಗೂ ಹೋಗ್ತಿಲ್ಲ."